ಆಫ್ರಿಕಾ ಕಪ್ ಶುರು ಮಾಡಿದವರೇ 31 ವರ್ಷ ಆ ಕಪ್‌ನಿಂದ ಹೊರಗೆ: ಇಥಿಯೋಪಿಯಾ ಫುಟ್‌ಬಾಲಿಗೆ ಆಗಿದ್ದೇನು?

ದಾವಣಗೆರೆ ಮೇಷ್ಟ್ರು:
ಮೊನ್ನೆ ಅಟ್ಟ ಕ್ಲೀನ್ ಮಾಡುವಾಗ ಹಳೇ ಸೂಟ್‌ಕೇಸಲ್ಲಿ ಒಂದು ಹಸಿರು-ಹಳದಿ-ಕೆಂಪು ಮಫ್ಲರ್ ಸಿಕ್ತು. ಹತ್ತು ವರ್ಷದ ಮೇಲಾಯ್ತು, ಇನ್ನೂ ಸಾಂಬ್ರಾಣಿ ವಾಸನೆ ಹೋಗಿಲ್ಲ. 2011ರಿಂದ ಮೂರು ವರ್ಷ ಇಥಿಯೋಪಿಯಾದ ಜಿಮ್ಮಾದಲ್ಲಿ ಪಾಠ ಮಾಡ್ತಿದ್ದೆ, ಆಗ ಮನೆ ಓನರಮ್ಮ ಕೊಟ್ಟಿದ್ದು.

ಅಲ್ಲಿದ್ದಾಗಿಂದ ಒಂದು ಪ್ರಶ್ನೆ ತಲೇಲಿ ಕೊರೀತಾ ಇದೆ. ಆಫ್ರಿಕಾ ಕಪ್ 1957ರಲ್ಲಿ ಮೂರೇ ದೇಶ ಸೇರಿ ಶುರು ಮಾಡಿದ್ದು: ಈಜಿಪ್ಟ್, ಸುಡಾನ್, ಇಥಿಯೋಪಿಯಾ. 1962ರಲ್ಲಿ ಇಥಿಯೋಪಿಯಾ ತನ್ನ ಊರಲ್ಲೇ ಕಪ್ ಗೆದ್ದಿತು. 1982ರಲ್ಲಿ ಲಿಬಿಯಾದಲ್ಲಿ ಆಡಿ ಬಂದವರು ಮತ್ತೆ ಆ ಟೂರ್ನಿಗೆ ಕಾಲಿಟ್ಟಿದ್ದು 2013ರಲ್ಲಿ! ವಿಶ್ವಕಪ್ಪಂತೂ ಒಂದು ಸಲವೂ ಇಲ್ಲ. ಜನ ನೋಡಿದ್ರೆ ಫುಟ್‌ಬಾಲ್ ಅಂದ್ರೆ ಊಟ ಬಿಡ್ತಾರೆ. ಹತ್ತು ಕೋಟಿ ದಾಟಿದ ದೇಶ. ಏನಾಯ್ತು ಇವರಿಗೆ?

ಹಲಸೂರು ಹತ್ತನೇ ನಂಬರ್:
ಹೈಟಿಲ್ಲ ಸಾರ್. ಅಷ್ಟೇ. ಕಾರ್ನರ್ ಬಂದ್ರೆ ಮುಗೀತು.

ಕುಡ್ಲದ ಪೊಣ್ಣು:
ಎಂಥ ಹೈಟ್ ಮಾರಾಯ್ರೆ. ಹೈಟ್ ಇಲ್ಲದ ಮೆಸ್ಸಿ ಏನು ಮಾಡಿದ ಅಂತ ಗೊತ್ತುಂಟಲ್ಲ. 1962ರಲ್ಲಿ ಕಪ್ ಗೆದ್ದಾಗ ಇವರು ಏಳು ಅಡಿ ಇದ್ರಾ?

ಹಳೇ ಸ್ಕೋರ್‌ಬೋರ್ಡ್:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಬಾಲಂಗೋಚಿ. 1957ರ ಖಾರ್ಟೂಮ್ ಟೂರ್ನಿಗೆ ಬರಬೇಕಿದ್ದದ್ದು ನಾಲ್ಕು ದೇಶ. ನಾಲ್ಕನೇದು ದಕ್ಷಿಣ ಆಫ್ರಿಕಾ. ಕರಿಯರು ಬಿಳಿಯರು ಸೇರಿದ ತಂಡ ಕಳಿಸೋಕೆ ಅವರು ಒಪ್ಪಲಿಲ್ಲ, ಹಾಗಾಗಿ ಹೊರಗೆ ಹಾಕಿದ್ರು. ಸೆಮಿಫೈನಲ್‌ನಲ್ಲಿ ಅವರ ಎದುರಾಳಿ ಯಾರು? ಇಥಿಯೋಪಿಯಾ. ಅಂದ್ರೆ ಒಂದೂ ಪಂದ್ಯ ಆಡದೆ ಸೀದಾ ಫೈನಲ್! ಅಲ್ಲಿ ಈಜಿಪ್ಟ್ 4-0 ಚಚ್ಚಿತು, ನಾಲ್ಕೂ ಗೋಲು ಎಲ್ ದಿಬಾ ಒಬ್ಬನದೇ.

ಈಗ ತಮಾಷೆ ನೋಡಿ. 31 ವರ್ಷ ಆದ್ಮೇಲೆ ಇವರು ವಾಪಸ್ ಬಂದ 2013ರ ಟೂರ್ನಿ ನಡೆದಿದ್ದು ಎಲ್ಲಿ? ಅದೇ ದಕ್ಷಿಣ ಆಫ್ರಿಕಾದಲ್ಲಿ. ಮೊದಲ ಪಂದ್ಯ ಜನವರಿ 21. ರಾಜಧಾನಿ ಅಡಿಸ್ ಅಬಾಬಾದಲ್ಲಿ 1962ರ ಫೈನಲ್ ಗೆದ್ದಿದ್ದೂ ಜನವರಿ 21ಕ್ಕೇ.

ಬಯಲುಸೀಮೆ ಬಸು:
1962ರ ಫೈನಲ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ರಿ ಯಾರಾದ್ರೂ. ನಮಗ ಇಥಿಯೋಪಿಯಾ ಅಂದ್ರ ಬರಗಾಲದ ಫೋಟೋ ಒಂದ ಗೊತ್ತು.

ಹಳೇ ಸ್ಕೋರ್‌ಬೋರ್ಡ್:
ಬಸಣ್ಣ, ಹೇಳ್ತೀನಿ ಕೂತ್ಕೊಳ್ಳಿ. ಎದುರಿಗೆ ಎರಡು ಸಲ ಚಾಂಪಿಯನ್ ಆದ ಈಜಿಪ್ಟ್. ಗ್ಯಾಲರಿಯಲ್ಲಿ ಚಕ್ರವರ್ತಿ ಹೈಲೆ ಸೆಲಾಸಿ. ಮೊದಲಾರ್ಧದಲ್ಲೇ ಬದಾವಿ ಗೋಲು ಹೊಡೆದು ಈಜಿಪ್ಟ್ ಮುಂದೆ. 74ನೇ ನಿಮಿಷಕ್ಕೆ ಗಿರ್ಮಾ ತೆಕ್ಲೆ ಸಮ ಮಾಡಿದ. ಜನ ಎದ್ದು ಕುಣಿದು ಕೂರೋದರೊಳಗೆ, ಅಂದ್ರೆ 75ನೇ ನಿಮಿಷಕ್ಕೆ, ಬದಾವಿ ಇನ್ನೊಂದು. ಮುಗೀತು ಅನ್ಕೊಂಡಾಗ 84ರಲ್ಲಿ ನಾಯಕ ಲುಚಾನೊ ವಸ್ಸಾಲೊ 2-2 ಮಾಡಿದ. ಹೆಚ್ಚುವರಿ ಸಮಯದಲ್ಲಿ ಅವನ ತಮ್ಮ ಇಟಾಲೊ ವಸ್ಸಾಲೊ ಒಂದು, ಕೊನೆಗೆ ಮೆಂಗಿಸ್ತು ವೋರ್ಕು ಒಂದು. 4-2. ಕಪ್ಪನ್ನ ಚಕ್ರವರ್ತಿಯೇ ಲುಚಾನೊ ಕೈಗೆ ಕೊಟ್ಟರು.

ಬಯಲುಸೀಮೆ ಬಸು:
ತಡೀರಿ ತಡೀರಿ. ಮೆಂಗಿಸ್ತು ಅಂದ್ರ ಆಮೇಲೆ ಬಂದ ಮಿಲಿಟರಿ ಸರ್ವಾಧಿಕಾರಿ ಅಲ್ಲೇನು? ಅಂವಾ ಫುಟ್‌ಬಾಲೂ ಆಡತಿದ್ನಾ?

ಕುಡ್ಲದ ಪೊಣ್ಣು:
😂😂 ಸರ್ವಾಧಿಕಾರಿ ಆಗಿದ್ರೆ ಗೋಲ್‌ಕೀಪರ್ ಪಕ್ಕಕ್ಕೆ ಸರಿದು ನಿಂತು ನಮಸ್ಕಾರ ಮಾಡ್ತಿದ್ದ

ದಾವಣಗೆರೆ ಮೇಷ್ಟ್ರು:
ಬಸು ಅವರೇ, ಅವನು ಮೆಂಗಿಸ್ತು ಹೈಲೆ ಮರಿಯಂ. ಇವರು ಮೆಂಗಿಸ್ತು ವೋರ್ಕು. ನಮ್ಮಲ್ಲಿ ಮಂಜುನಾಥ ಅಂತ ಎಷ್ಟು ಜನ ಇಲ್ಲ? ವೋರ್ಕು ಅಲ್ಲಿ ದೇವರ ಸಮಾನ. ಸೇಂಟ್ ಜಾರ್ಜ್ ಕ್ಲಬ್ಬಿನ ಆಟಗಾರ. ಮುಂದೆ 1982ರ ತಂಡಕ್ಕೆ ಕೋಚ್ ಆಗಿದ್ದವರೂ ಅವರೇ. 2010ರಲ್ಲಿ ತೀರಿಕೊಂಡರು. ಇನ್ನೂ ಮೂರು ವರ್ಷ ಇದ್ದಿದ್ರೆ 2013 ನೋಡ್ತಿದ್ರು.

ಅಸ್ಮಾರಾ ಟು ಅಂಕೋಲಾ:
ಎಲ್ಲರೂ ಮುಖ್ಯ ವಿಷಯ ಬಿಟ್ಟು ಸುತ್ತಾಡ್ತಾ ಇದ್ದೀರಿ. ಆ ವಸ್ಸಾಲೊ ಅಣ್ಣತಮ್ಮಂದಿರು ಎಲ್ಲಿಯವರು? ಅಸ್ಮಾರಾದವರು, ಅಂದ್ರೆ ಇವತ್ತಿನ ಎರಿಟ್ರಿಯಾ. ಅಪ್ಪ ಇಟಲಿಯವನು, ತಾಯಿ ಎರಿಟ್ರಿಯಾದವಳು. ಆ ಕಾಲದ ಇಥಿಯೋಪಿಯಾ ತಂಡದ ಬೆನ್ನೆಲುಬೇ ಅಸ್ಮಾರಾ ಹುಡುಗರು. ಇಟಲಿಯವರು ಆಳಿ ಹೋದ ಊರು, ಕ್ಲಬ್ಬು, ಮೈದಾನ ಎಲ್ಲಾ ಇತ್ತು. 1993ರಲ್ಲಿ ಎರಿಟ್ರಿಯಾ ಬೇರೆಯಾಯ್ತು. ಅರ್ಧ ತಂಡ ಹೋಯ್ತು. ಕಥೆ ಮುಗೀತು.

ಹಳೇ ಸ್ಕೋರ್‌ಬೋರ್ಡ್:
ಲೆಕ್ಕ ಕೂಡ್ತಾ ಇಲ್ಲ ಸ್ವಾಮಿ. 1982ರಿಂದ 1993 ಅಂದ್ರೆ 11 ವರ್ಷ. ಆ 11 ವರ್ಷ ಅಸ್ಮಾರಾ ಇವರ ಹತ್ರವೇ ಇತ್ತಲ್ಲ, ಆಗ ಯಾಕೆ ಅರ್ಹತೆ ಸಿಗಲಿಲ್ಲ?

ಅಸ್ಮಾರಾ ಟು ಅಂಕೋಲಾ:
ಇತ್ತು ಅಂದ್ರೆ ನಕ್ಷೆಯಲ್ಲಿ ಇತ್ತು. 1961ರಿಂದ 1991ರವರೆಗೆ ಅಲ್ಲಿ ಯುದ್ಧ. 1974ರಲ್ಲಿ ಚಕ್ರವರ್ತಿಯನ್ನ ಇಳಿಸಿ ಡೆರ್ಗ್ ಅನ್ನೋ ಮಿಲಿಟರಿ ಕೂಟ ಕೂತ್ಕೊಳ್ತು, ಆಮೇಲೆ ಇನ್ನೂ ಜಾಸ್ತಿ. ಹದಿನೆಂಟು ವರ್ಷದ ಹುಡುಗ ಬಾಲ್ ಹಿಂದೆ ಓಡ್ತಾನಾ, ಬಂದೂಕು ಹಿಡಿದವರಿಂದ ತಪ್ಪಿಸ್ಕೊಂಡು ಓಡ್ತಾನಾ? ಕಪ್ ಎತ್ತಿದ ನಾಯಕ ಲುಚಾನೊ ಏನಾದ ಹೇಳಿ. 1978ರಲ್ಲಿ ದೇಶ ಬಿಟ್ಟು ಓಡಿ ಇಟಲಿ ಸೇರಿದ. 2022ರಲ್ಲಿ ಅಲ್ಲೇ ಸತ್ತ. ಗೆಲ್ಲಿಸಿಕೊಟ್ಟವನನ್ನೇ ಉಳಿಸಿಕೊಳ್ಳದ ದೇಶ ಇದು.

ಮೂಡಿಗೆರೆ ಕಾಫಿತೋಟ:
ನಡುವೆ ಬಾಯಿ ಹಾಕ್ತಾ ಇದ್ದೀನಿ, ಬೈಬೇಡಿ. ಅಡಿಸ್‌ನಲ್ಲಿ ‘ಇಥಿಯೋಪಿಯನ್ ಕಾಫಿ’ ಅಂತ ಒಂದು ಫುಟ್‌ಬಾಲ್ ಕ್ಲಬ್ಬೇ ಇದೆ ಅಂತ ಕೇಳಿದ್ದೆ, ನಿಜಾನಾ? ನಾವು ಇಲ್ಲಿ ಕಾಫಿ ಬೆಳೆದು ನೂರಾರು ವರ್ಷ ಆಯ್ತು, ಒಂದು ಕಬಡ್ಡಿ ತಂಡಕ್ಕೂ ಕಾಫಿ ಹೆಸರು ಇಟ್ಟಿಲ್ಲ.

ದಾವಣಗೆರೆ ಮೇಷ್ಟ್ರು:
ನಿಜ, ಅಲ್ಲಿ ‘ಬುನ್ನಾ’ ಅಂತಾರೆ. ಬುನ್ನಾ ವರ್ಸಸ್ ಸೇಂಟ್ ಜಾರ್ಜ್ ಅಂದ್ರೆ ಅಡಿಸ್‌ನಲ್ಲಿ ಅವತ್ತು ಅಣ್ಣತಮ್ಮ ಮಾತಾಡಲ್ಲ. ಅಬೂಬಕರ್ ನಾಸಿರ್ ಅನ್ನೋ ಹುಡುಗ ಇದೇ ಬುನ್ನಾಗೆ 2020-21ರ ಲೀಗ್‌ನಲ್ಲಿ 29 ಗೋಲು ಹೊಡೆದು ದಾಖಲೆ ಮಾಡಿದ, ಆಮೇಲೆ ದಕ್ಷಿಣ ಆಫ್ರಿಕಾದ ಸನ್‌ಡೌನ್ಸ್ ಕ್ಲಬ್ ಕೊಂಡ್ಕೊಂಡಿತು.

ಕಾಫಿ ಮಾತು ಬಂತಲ್ಲ, ನಾನು ನೋಡಿದ್ದು ಹೇಳ್ಲೇಬೇಕು. 2012ರ ಅಕ್ಟೋಬರ್, ಒಂದು ಭಾನುವಾರ. 2013ರ ಆಫ್ರಿಕಾ ಕಪ್ಪಿಗೆ ಅರ್ಹತೆ ಪಡೆಯೋಕೆ ಸುಡಾನ್ ವಿರುದ್ಧ ಎರಡು ಪಂದ್ಯ, ಎರಡನೇದು ಅಡಿಸ್‌ನಲ್ಲಿ. ಮೊದಲನೇದರಲ್ಲಿ ಸುಡಾನ್‌ನಲ್ಲಿ 5-3 ಸೋತು ಬಂದಿದ್ರು. ಓನರಮ್ಮ ನೆಲಕ್ಕೆ ಹಸಿ ಹುಲ್ಲು ಹಾಸಿ, ಸಾಂಬ್ರಾಣಿ ಹಾಕಿ, ಬಾಣಲೆಯಲ್ಲಿ ಹಸಿ ಕಾಫಿ ಬೀಜ ಹುರೀತಾ ಕೂತಿದ್ರು. ಹುರಿದ ಬೀಜದ ಹೊಗೆಯನ್ನ ಒಬ್ಬೊಬ್ಬರ ಮೂಗಿನ ಹತ್ರ ತಂದು ತೋರಿಸ್ತಾರೆ, ಮಂಗಳಾರತಿ ತಗೊಂಡ ಹಾಗೆ ನಾವು ಕೈಯಾಡಿಸಿ ಎಳ್ಕೋಬೇಕು. ಮೂರು ಸುತ್ತು ಕಾಫಿ: ಅಬೋಲ್, ತೋನಾ, ಬೆರೆಕಾ. ಪಕ್ಕದಲ್ಲಿ ಒಂದು ಬುಟ್ಟಿ ಪಾಪ್‌ಕಾರ್ನ್. ಟಿವಿ ಮುಂದೆ ಹದಿನೈದು ಜನ.

ಅಡಾನೆ ಗಿರ್ಮಾ ಒಂದು ಹೊಡೆದ. ಇನ್ನೊಂದು ಬೇಕು. ಅಷ್ಟೊತ್ತಿಗೆ ಕರೆಂಟ್ ಹೋಯ್ತು! ಕತ್ತಲೆ, ಕೆಂಡದ ಬೆಳಕು ಮಾತ್ರ. ಯಾರೋ ರೇಡಿಯೊ ಹುಡುಕ್ತಾ ಇದ್ರು, ಅದಕ್ಕೂ ಮುಂಚೆ ಬೀದಿಯಿಂದ ಕೂಗು ಬಂತು. ಸಲಾದಿನ್ ಸೈದ್ ಹೊಡೆದಿದ್ದ ಅಂತ ಆಮೇಲೆ ಗೊತ್ತಾಯ್ತು. ಒಟ್ಟು 5-5, ಎದುರಾಳಿ ಊರಲ್ಲಿ ಯಾರು ಜಾಸ್ತಿ ಗೋಲು ಹೊಡೆದ್ರು ಅನ್ನೋ ಲೆಕ್ಕದಲ್ಲಿ ಇಥಿಯೋಪಿಯಾ ಪಾಸ್. ಓನರಮ್ಮ ನನ್ನ ಕುತ್ತಿಗೆಗೆ ಮಫ್ಲರ್ ಸುತ್ತಿ ಬಾಗಿಲ ಹೊರಗೆ ದಬ್ಬಿದ್ರು, ‘ಹೋಗು, ನೀನೂ ಕುಣಿ’ ಅಂತ. ಅವರ ಮೂವತ್ತು ವರ್ಷದ ಮಗ ಹುಟ್ಟಿದಾಗಿಂದ ಇದನ್ನ ನೋಡಿರಲಿಲ್ಲ.

ಮೂಡಿಗೆರೆ ಕಾಫಿತೋಟ:
ಮೇಷ್ಟ್ರೇ ಮೈ ಝುಮ್ ಅಂತು. ಬೀಜ ಕಪ್ಪಗೆ ಹುರೀತಾರಾ, ಕಂದು ಬಣ್ಣಕ್ಕಾ?

ಹಲಸೂರು ಹತ್ತನೇ ನಂಬರ್:
ಗುರು ಬೇರೆ ಥ್ರೆಡ್ ಓಪನ್ ಮಾಡು ಕಾಫಿಗೆ

ಹತ್ತು ಕಿಲೋಮೀಟರ್ ಹರೀಶ:
ನನ್ನ ಥಿಯರಿ ಬೇರೆ. ಆ ದೇಶದ ಒಳ್ಳೇ ಕಾಲುಗಳೆಲ್ಲ ಓಟಕ್ಕೆ ಹೋದ್ವು. 1960ರ ರೋಮ್ ಒಲಿಂಪಿಕ್ಸಲ್ಲಿ ಅಬೆಬೆ ಬಿಕಿಲಾ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ, ಅಲ್ಲಿಂದ ಪ್ರತಿ ಹುಡುಗನ ಕನಸೂ ಅದೇ. ನಮ್ಮ ಬೆಂಗಳೂರು 10ಕೆ ನೋಡಿ, ಮುಂದೆ ಓಡೋರಲ್ಲಿ ಇಥಿಯೋಪಿಯಾದವರು ಇದ್ದೇ ಇರ್ತಾರೆ. ಓಟಕ್ಕೆ ಫೆಡರೇಶನ್ ಬೇಡ, ಮೈದಾನ ಬೇಡ, ಗುಡ್ಡ ಸಾಕು.

ಆದ್ರೆ ಒಂದು ವರ್ಷ ಅದೇ ಓಟದಲ್ಲಿ ನಾನು ವಾಲಂಟಿಯರ್ ಆಗಿದ್ದೆ. ಓಟ ಮುಗಿಸಿದ ಒಬ್ಬ ಇಥಿಯೋಪಿಯಾ ಹುಡುಗನಿಗೆ ನೀರು ಕೊಟ್ಟು ಮಾತಾಡಿಸೋಣ ಅಂತ ಹೋದೆ. ತನ್ನ ಟೈಮಿಂಗ್ ಎಷ್ಟು ಅಂತ ಕೇಳಲಿಲ್ಲ ಪುಣ್ಯಾತ್ಮ. ‘ಆರ್ಸೆನಲ್ ಸ್ಕೋರ್ ಏನಾಯ್ತು’ ಅಂದ. ಅಂದ್ಮೇಲೆ ನನ್ನ ಥಿಯರಿ ಎಷ್ಟು ಸರಿಯೋ ಗೊತ್ತಿಲ್ಲ.

ಕುಡ್ಲದ ಪೊಣ್ಣು:
ನಿಮ್ಮ ಥಿಯರಿಯನ್ನ ನೀವೇ ಒಡೆದು ಹಾಕಿದ್ದು ಇಷ್ಟ ಆಯ್ತು

ಗೌತಮಪುರ ತಾತ:
ಮಕ್ಕಳಾ, 1962 ಅಂದ ಕೂಡಲೇ ನಿಮಗ್ಯಾರಿಗೂ ಇನ್ನೊಂದು ನೆನಪಾಗಲಿಲ್ಲವಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನ 2-1 ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು ನಾವು. ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದ ತಂಡ ಅದು. ಅವರದ್ದು ಜನವರಿ, ನಮ್ಮದು ಸೆಪ್ಟೆಂಬರ್. ಆಮೇಲೆ ಇಬ್ಬರದ್ದೂ ಒಂದೇ ದಾರಿ. ಇಥಿಯೋಪಿಯಾಗೆ ಏನಾಯ್ತು ಅಂತ ಕೇಳೋ ಮುಂಚೆ ಹಲಸೂರು ಕಡೆ ಬನ್ನಿ, ತೋರಿಸ್ತೀನಿ.

ಹಳೇ ಸ್ಕೋರ್‌ಬೋರ್ಡ್:
ತಾತ, ನಮಸ್ಕಾರ. ಆದ್ರೆ ಹೋಲಿಕೆ ಪೂರ್ತಿ ಕೂರಲ್ಲ. ನಮ್ಮಲ್ಲಿ ಕ್ರಿಕೆಟ್ ಬಂದು ಜನರನ್ನೇ ಎತ್ಕೊಂಡು ಹೋಯ್ತು. ಅಲ್ಲಿ ಜನ ಎಲ್ಲೂ ಹೋಗಿಲ್ಲ, ಅಲ್ಲೇ ಗ್ಯಾಲರಿಯಲ್ಲಿ ಕೂತಿದ್ದಾರೆ. ಕೈಕೊಟ್ಟಿದ್ದು ಆಡಳಿತ ನಡೆಸುವವರು.

ಉದಾಹರಣೆಗೆ 2008. ಫೆಡರೇಶನ್ ಅಧ್ಯಕ್ಷ ಯಾರು ಅನ್ನೋ ಜಗಳ ಎಲ್ಲಿಗೆ ಹೋಯ್ತು ಅಂದ್ರೆ ಫೀಫಾ ಇವರನ್ನ ಅಮಾನತು ಮಾಡಿ, 2010ರ ವಿಶ್ವಕಪ್ ಅರ್ಹತಾ ಸುತ್ತಿನಿಂದಲೇ ಕಿತ್ತು ಹಾಕಿತು. ಆಡಿದ್ದ ಪಂದ್ಯಗಳ ಫಲಿತಾಂಶವನ್ನೂ ಅಳಿಸಿ ಹಾಕಿದ್ರು. ಕುರ್ಚಿಗೋಸ್ಕರ ಮೈದಾನ ಕಳ್ಕೊಂಡಿದ್ದು.

ಅಸ್ಮಾರಾ ಟು ಅಂಕೋಲಾ:
ಇದನ್ನ ಒಪ್ತೀನಿ. ಇನ್ನೂ ಹೊಟ್ಟೆ ಉರಿಯೋದು ಯಾವುದು ಗೊತ್ತಾ, ಆಫ್ರಿಕಾ ಫುಟ್‌ಬಾಲಿನ ಆಡಳಿತ ಕಟ್ಟಿದವನೇ ಇಥಿಯೋಪಿಯಾದವನು. ಯಿದ್ನೆಕಾಚೆವ್ ತೆಸ್ಸೆಮಾ. ಸೇಂಟ್ ಜಾರ್ಜ್ ಆಟಗಾರ, 1962ರ ತಂಡದ ಕೋಚ್, 1972ರಿಂದ 1987ರಲ್ಲಿ ಸಾಯೋವರೆಗೆ ಆಫ್ರಿಕಾ ಫುಟ್‌ಬಾಲ್ ಒಕ್ಕೂಟದ ಅಧ್ಯಕ್ಷ. 1966ರ ವಿಶ್ವಕಪ್ಪಿಗೆ ಇಡೀ ಆಫ್ರಿಕಾಗೆ ಒಂದು ಖಾಯಂ ಸೀಟೂ ಇರಲಿಲ್ಲ. ಆಫ್ರಿಕಾದಲ್ಲಿ ಗೆದ್ದವರು ಏಷ್ಯಾದವರ ಜೊತೆ ಮತ್ತೆ ಗುದ್ದಾಡಬೇಕಿತ್ತು. ಇವನೂ ಘಾನಾದವರೂ ಮುಂದೆ ನಿಂತು ಇಡೀ ಖಂಡದ ಕೈಲಿ ಬಹಿಷ್ಕಾರ ಹಾಕಿಸಿದ್ರು. 1970ರಿಂದ ಒಂದು ಸೀಟು ಸಿಕ್ತು. ಮೊರಾಕೊ ಕೂತಿತು, ಜೈರ್ (ಇವತ್ತಿನ ಕಾಂಗೊ) ಕೂತಿತು, ಕ್ಯಾಮರೂನ್ ಕೂತಿತು. ಬಸ್ಸಿಗೆ ಸೀಟ್ ಹಾಕಿಸಿದವನ ಊರಿನವರು ಇನ್ನೂ ಸ್ಟಾಪಲ್ಲೇ ನಿಂತಿದ್ದಾರೆ.

ಬಯಲುಸೀಮೆ ಬಸು:
ನಮ್ಮ ಊರಿಗೆ ರೈಲು ತರಿಸಿದ ಎಂಪಿ ಕಥಿ ಆತಲ್ಲ ಇದು. ರೈಲು ಬಂತು, ನಮ್ಮಲ್ಲಿ ನಿಲ್ಲಂಗಿಲ್ಲ.

ದಾವಣಗೆರೆ ಮೇಷ್ಟ್ರು:
2014ರ ವಿಶ್ವಕಪ್ಪಿಗೆ ಎಷ್ಟು ಹತ್ರ ಹೋಗಿದ್ರು ಅಂತ ನಾನೇ ನೋಡಿದ್ದೀನಿ. ಜೂನ್ 2013, ಅಡಿಸ್‌ನಲ್ಲಿ ದಕ್ಷಿಣ ಆಫ್ರಿಕಾವನ್ನ 2-1 ಸೋಲಿಸಿದ್ರು. ಎರಡನೇ ಗೋಲು ಅವರ ಬರ್ನಾರ್ಡ್ ಪಾರ್ಕರ್ ತನ್ನದೇ ಬಲೆಗೆ ತಲೆಯಲ್ಲಿ ಹೊಡ್ಕೊಂಡಿದ್ದು. ಊರೆಲ್ಲಾ ಹಾರ್ನ್. ಅದೇ ದಿನ ಸುದ್ದಿ ಬಂತು: ಬೋಟ್ಸ್ವಾನಾ ವಿರುದ್ಧ ಆಡಬಾರದಿದ್ದ ಆಟಗಾರನನ್ನ ಆಡಿಸಿದ್ದಾರೆ, ಫೀಫಾ ತನಿಖೆ ಅಂತ. ಎರಡು ಹಳದಿ ಕಾರ್ಡ್ ಬಿದ್ದು ಆ ಪಂದ್ಯಕ್ಕೆ ಹೊರಗೆ ಕೂರಬೇಕಿದ್ದ ಹುಡುಗ ಅವನು. ಎರಡು! ಹಾಲಿನವನ ಲೆಕ್ಕಕ್ಕಿಂತ ಸುಲಭ. ಲೆಕ್ಕ ಇಡೋರು ಒಬ್ಬರೂ ಇರಲಿಲ್ಲ. ಮೂರು ಪಾಯಿಂಟ್ ಕಟ್.

ಮರುದಿನ ಕ್ಲಾಸಲ್ಲಿ ಒಬ್ಬ ಹುಡುಗ ಕೇಳಿದ, ‘ಸಾರ್, ನಿಮ್ಮ ಅಟೆಂಡೆನ್ಸ್ ಪುಸ್ತಕ ಫೆಡರೇಶನ್‌ಗೆ ಕೊಡ್ತೀರಾ?’

ಹಂಗೂ ಹಿಂಗೂ ಕೊನೇ ಪಂದ್ಯದಲ್ಲಿ ಮಧ್ಯ ಆಫ್ರಿಕಾ ಗಣರಾಜ್ಯವನ್ನ ಸೋಲಿಸಿ ಗುಂಪು ಗೆದ್ದರು. ಕೊನೇ ಸುತ್ತಿಗೆ ನೈಜೀರಿಯಾ. ಅಡಿಸ್‌ನಲ್ಲಿ ಬೆಹೈಲು ಅಸ್ಸೆಫಾ ಮೊದಲ ಗೋಲು ಹೊಡೆದಾಗ ನಮ್ಮ ಬೀದಿಯ ನಾಯಿಗಳೂ ಓಡಾಡಿದ್ವು. ಆಮೇಲೆ ನೈಜೀರಿಯಾದ ಎಮೆನಿಕೆ ಎರಡು, ಎರಡನೇದು ಕೊನೇ ಗಳಿಗೆಯ ಪೆನಾಲ್ಟಿ. 1-2. ಅಲ್ಲಿಗೆ ಹೋಗಿ 2-0 ಸೋತರು. ಅವತ್ತು ಓನರಮ್ಮನ ಮನೇಲಿ ಕಾಫಿ ಒಂದೇ ಸುತ್ತಿಗೆ ನಿಂತಿತು.

ಹತ್ತು ಕಿಲೋಮೀಟರ್ ಹರೀಶ:
ಈಗ ಹೇಗಿದೆ ಪರಿಸ್ಥಿತಿ?

ಹಳೇ ಸ್ಕೋರ್‌ಬೋರ್ಡ್:
2021ರಿಂದ ಕೆಲವು ವರ್ಷ ಮನೆಯೇ ಇರಲಿಲ್ಲ. ಅಡಿಸ್ ಆಗ್ಲಿ ಬಹಿರ್ ದಾರ್ ಆಗ್ಲಿ, ಸ್ಟೇಡಿಯಂ ಗುಣಮಟ್ಟ ಸಾಲದು ಅಂತ ಆಫ್ರಿಕಾ ಫುಟ್‌ಬಾಲ್ ಒಕ್ಕೂಟ ಅಂತಾರಾಷ್ಟ್ರೀಯ ಪಂದ್ಯಕ್ಕೆ ಒಪ್ಪಿಗೆ ಕೊಡ್ಲಿಲ್ಲ. ‘ತವರಿನ’ ಪಂದ್ಯ ಮಲಾವಿಯಲ್ಲಿ, ಮೊಜಾಂಬಿಕ್‌ನಲ್ಲಿ, ತಾಂಜಾನಿಯಾದಲ್ಲಿ. ಅಡಿಸ್‌ನ 2,300 ಮೀಟರ್ ಎತ್ತರದಲ್ಲಿ ಉಸಿರು ಕಟ್ಟಿಸಿ ಎದುರಾಳಿಯನ್ನ ಬಗ್ಗಿಸ್ತಿದ್ದ ತಂಡ, ಬಾಡಿಗೆ ಮೈದಾನದಲ್ಲಿ ಖಾಲಿ ಕುರ್ಚಿ ಮುಂದೆ ಆಡಬೇಕಾಯ್ತು. ಅಷ್ಟಾದ್ರೂ 2022ರ ಜೂನ್‌ನಲ್ಲಿ ಮಲಾವಿಯ ಲಿಲಾಂಗ್ವೆಯಲ್ಲಿ ಈಜಿಪ್ಟನ್ನ 2-0 ಸೋಲಿಸಿದ್ರು. ದಾವಾ ಹೊತೆಸ್ಸಾ ಒಂದು, ಶಿಮೆಲಿಸ್ ಬೆಕೆಲೆ ಒಂದು.

ಹಲಸೂರು ಹತ್ತನೇ ನಂಬರ್:
ಈಜಿಪ್ಟಿನ ಸ್ಟಾರ್ ಸಲಾಹ್ ಇರ್ಲಿಲ್ಲ ಅವತ್ತು

ಹಳೇ ಸ್ಕೋರ್‌ಬೋರ್ಡ್:
ಇಥಿಯೋಪಿಯಾ ಕಡೆ ಜನಾನೂ ಇರ್ಲಿಲ್ಲ ಅವತ್ತು. ಲೆಕ್ಕ ಸರಿ ಹೋಯ್ತು.

ಬಯಲುಸೀಮೆ ಬಸು:
ಮತ್ತ ಎರಿಟ್ರಿಯಾ? ಅವರಾದ್ರೂ ಬೇರೆ ಆಗಿ ಉದ್ಧಾರ ಆದ್ರಾ?

ಅಸ್ಮಾರಾ ಟು ಅಂಕೋಲಾ:
ಅದು ಇದಕ್ಕಿಂತ ಬೇಜಾರಿನ ಕಥೆ. ತಂಡ ಹೊರದೇಶಕ್ಕೆ ಹೋದ್ರೆ ವಾಪಸ್ ಬರಲ್ಲ. 2009ರಲ್ಲಿ ಕೀನ್ಯಾದಲ್ಲಿ 12 ಜನ ಉಳ್ಕೊಂಡ್ರು. 2012ರಲ್ಲಿ ಉಗಾಂಡದಲ್ಲಿ 17 ಆಟಗಾರರು, ಜೊತೆಗೆ ಡಾಕ್ಟರೂ. 2015ರಲ್ಲಿ ಬೋಟ್ಸ್ವಾನಾದಲ್ಲಿ 10 ಜನ. ಕೊನೆಯೇ ಇಲ್ಲದ ಕಡ್ಡಾಯ ಸೈನ್ಯ ಸೇವೆ ಇರೋ ದೇಶ, ಹುಡುಗರಿಗೆ ಪಾಸ್‌ಪೋರ್ಟ್ ಕೈಗೆ ಸಿಗೋದೇ ಫುಟ್‌ಬಾಲ್ ನೆಪದಲ್ಲಿ. 2026ರ ವಿಶ್ವಕಪ್ ಅರ್ಹತಾ ಸುತ್ತು ಶುರುವಾಗೋ ಮುಂಚೆಯೇ ತಂಡವನ್ನ ವಾಪಸ್ ತಗೊಂಡ್ರು. ಲುಚಾನೊ ಊರಿನ ತಂಡ ಇದು.

ಕುಡ್ಲದ ಪೊಣ್ಣು:
ಡಾಕ್ಟರೂ 😶

ಮೂಡಿಗೆರೆ ಕಾಫಿತೋಟ:
ಮೇಷ್ಟ್ರೇ, ನನ್ನ ಪ್ರಶ್ನೆ ಹಾಗೇ ಉಳೀತು.

ದಾವಣಗೆರೆ ಮೇಷ್ಟ್ರು:
ಕಪ್ಪಗೇ ಹುರೀತಾರೆ, ಎಣ್ಣೆ ಬಿಡೋವರೆಗೆ. ಆಮೇಲೆ ಕುಟ್ಟಣಿಗೆಯಲ್ಲಿ ಕುಟ್ಟಿ, ಕರಿ ಮಣ್ಣಿನ ಕೂಜಾದಲ್ಲಿ ಕುದಿಸೋದು. ಚಿಕೋರಿ ಹೆಸರು ಎತ್ತಿದ್ರೆ ಮನೆ ಖಾಲಿ ಮಾಡಿಸ್ತಾರೆ.

ಹಲಸೂರು ಹತ್ತನೇ ನಂಬರ್:
ಎಲ್ಲಾ ಓದಿದೆ. ಯುದ್ಧ, ಡೆರ್ಗ್, ಫೆಡರೇಶನ್, ಒಪ್ಪಿದೆ. ಆದ್ರೂ 2013ರಲ್ಲಿ ಬುರ್ಕಿನಾ ಫಾಸೊ 4-0 ಹೊಡೆದಾಗ ನೋಡಿದ್ದೆ ನಾನು. ಹುಡುಗರನ್ನ ಭುಜದಲ್ಲಿ ತಳ್ಳಿ ತಳ್ಳಿ ಬೀಳಿಸ್ತಿದ್ರು. ಹೈಟ್, ವೆಯ್ಟ್ ಲೆಕ್ಕಕ್ಕೇ ಇಲ್ಲ ಅನ್ಬೇಡಿ.

ದಾವಣಗೆರೆ ಮೇಷ್ಟ್ರು:
ಅದಕ್ಕಿಂತ ಮೊದಲ ಪಂದ್ಯ ನೋಡಿದ್ರಾ? ಎದುರಿಗೆ ಚಾಂಪಿಯನ್ ಜಾಂಬಿಯಾ. ಸಲಾದಿನ್ ಪೆನಾಲ್ಟಿ ಹಾಳು ಮಾಡಿದ, ಗೋಲ್‌ಕೀಪರ್ ಜೆಮಾಲ್ ತಸ್ಸೆವ್‌ಗೆ ಕೆಂಪು ಕಾರ್ಡ್, ಉಳಿದ ಹತ್ತು ಜನ ಒಂದು ಗೋಲು ತಿಂದೂ ವಾಪಸ್ ಕೊಟ್ಟು 1-1 ಮಾಡ್ಕೊಂಡು ಬಂದ್ರು. ಹೈಟ್ ಅವತ್ತೂ ಅಷ್ಟೇ ಇತ್ತು.

ಹಳೇ ಸ್ಕೋರ್‌ಬೋರ್ಡ್:
ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಬುರ್ಕಿನಾ ಪಂದ್ಯದಲ್ಲಿ ಕೆಂಪು ಕಾರ್ಡ್ ಬಿದ್ದಿದ್ದು ಬುರ್ಕಿನಾ ಗೋಲ್‌ಕೀಪರ್‌ಗೆ. ಆಗ 1-0 ಇತ್ತು. ಹತ್ತು ಜನ ಆದ್ಮೇಲೆ ಅವರು ಮೂರು ಹೊಡೆದ್ರು.

ಹಲಸೂರು ಹತ್ತನೇ ನಂಬರ್:
ಇದು ಯಾರ ಪರ ವಾದ ಸಾರ್?

ಹಳೇ ಸ್ಕೋರ್‌ಬೋರ್ಡ್:
ಯಾರ ಪರನೂ ಅಲ್ಲ. ನಾನು ಸ್ಕೋರ್‌ಬೋರ್ಡ್.